ಜೋಡೆತ್ತಿನ ಸಾರಥಿ

ನಿಂತಲ್ಲಿಂದ ಹೊರಟ ಬೈಕು ನೇರ ಪಥವನ್ನು ಹತ್ತು ಸೆಕೆಂಡಿನೊಳಗೆ ಕ್ರಮಿಸುವ ಡ್ರ್ಯಾಗ್ ರೇಸಿನಲ್ಲಿ ಬೆಂಗಳೂರಿನ ಹೇಮಂತ್ ಮುದ್ದಪ್ಪನವರು ಹಲವು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗಳಿಸಿರುವರು. ಕೃಷ್ಣಾ ಭೀಮಾ ತೀರಗಳ ಯಾದಗಿರಿ, ಶಹಾಪುರ, ಸುರಪುರದ ಎರೆಭೂಮಿಯಲ್ಲಿಯಾದರೋ ಈ ವಿದ್ಯೆಗೆ ಯಂತ್ರಕ್ಕಿಂತ ಹಳೆಯ ರೂಪವೊಂದುಂಟು. ಅಲ್ಲಿ ವೇಗಕ್ಕಿಂತ ಭಾರವೇ ಪ್ರಧಾನ, ಸಾರಥಿಯ ಮುಂದಿರುವುದು ಜೋಡೆತ್ತು.

ಜ್ಯೇಷ್ಠಮಾಸದ ಕಾರಹುಣ್ಣಿಮೆಯಂದು ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೆಜ್ಜೆಸರ ಕಟ್ಟಿದ ಎತ್ತುಗಳನ್ನು ಊರ ಅಗಸಿಯಲ್ಲಿ ಓಡಿಸಿ ಕರಿ ಹರಿಯುವರು. ಬಿಳಿಯ ಎತ್ತು ಮುಂದಾದರೆ ಹಿಂಗಾರಿಯೂ ಕೆಂದೆತ್ತು ಮುಂದಾದರೆ ಮುಂಗಾರಿಯೂ ಫಲಿಸುವುದೆಂದು ರೈತರ ನಂಬುಗೆ. ಆದರೆ ಸಾರಥಿಯ ನಿಜವಾದ ಪರೀಕ್ಷೆ ಭಾರದ ಕಲ್ಲನ್ನೆಳೆಸುವ ಪಂದ್ಯದಲ್ಲಿ. ಕಲ್ಲನ್ನು ಸರಪಳಿಯಿಂದ ನೊಗಕ್ಕೆ ಬಿಗಿದು, ಗೊತ್ತುಪಡಿಸಿದ ಅವಧಿಯಲ್ಲಿ ಹೆಚ್ಚು ದೂರ ಎಳೆದ ಜೋಡಿಗೆ ಜಯ. ನೆರೆಯ ರಾಯಚೂರಿನಲ್ಲಿ ಮುನ್ನೂರುಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ 1.5, 2, 2.5 ಟನ್ನಿನ ಕಲ್ಲುಗಳನ್ನಿಡುವರು.

ನೆಲ ಕಚ್ಚಿ ಕುಳಿತ ಭಾರವನ್ನು ಕದಲಿಸಲು ಬೇಕಾದ ಬಲವು, ಅದು ಜರುಗತೊಡಗಿದ ಮೇಲೆ ಎಳೆಯಲು ಬೇಕಾದ ಬಲಕ್ಕಿಂತ ಅಧಿಕವಾದುದು. ಎರಡರಲ್ಲಿ ಒಂದೆತ್ತು ಮುಂದಾಗಿ ಇನ್ನೊಂದು ಹಿಂದುಳಿದರೆ ನೊಗ ಓರೆಯಾಗಿ, ಮುಂದಾದುದರ ಶಕ್ತಿಯೆಲ್ಲ ವ್ಯರ್ಥವಾಗುವುದು. ಆದುದರಿಂದ ಪಳಗಿದ ಸಾರಥಿ ಮೊದಲಿಗೆ ಕೂಗುವುದೇ ಇಲ್ಲ. ಎತ್ತುಗಳ ಕಿವಿಗಳನ್ನೂ ಗೊರಸುಗಳನ್ನೂ ನೋಡುತ್ತ, ಹಗ್ಗವನ್ನು ಸಡಿಲವಾಗಿ ಹಿಡಿದು, ಎರಡೂ ಕೊರಳು ತಗ್ಗಿಸಿ ನೊಗಕ್ಕೆ ಹೆಗಲು ಕೊಡುವ ಕ್ಷಣವನ್ನು ಕಾದಿದ್ದು, ಆಗ ಒಮ್ಮೆ ಉಚ್ಚಸ್ವರದಿಂದ ಕೂಗುವನು, ಕಲ್ಲು ಕದಲುವುದು. ಎಳೆಯ ಸಾರಥಿಗಳು ಸೋಲುವುದು ಬಹುಮಟ್ಟಿಗೆ ಈ ಕ್ಷಣದ ಅವಸರದಿಂದಲೇ.

ಈ ತಾಳ್ಮೆ ಕಣದಲ್ಲಿ ಕಲಿತದ್ದಲ್ಲ. ಸಂತೆಯಲ್ಲಿ ಬಾಯಿ ತೆರೆಸಿ ನೋಡಿ ಎರಡು ಹಲ್ಲಿನ ಹೋರಿಯನ್ನು ಕೊಂಡು ತಂದು, ನಾಲ್ಕು ಹಲ್ಲು, ಆರು ಹಲ್ಲು ದಾಟಿ ಬಾಯಿಗೂಡುವತನಕ, ಹುರುಳಿ, ಹತ್ತಿಕಾಳು, ಶೇಂಗಾ ಹಿಂಡಿಗಳನ್ನಿಕ್ಕಿ, ತನ್ನ ಮಕ್ಕಳಿಗಿಂತ ಮೊದಲು ಅದರ ಹೊಟ್ಟೆಯನ್ನು ವಿಚಾರಿಸಿದವನಿಗೆ ಮಾತ್ರ ಆ ತಾಳ್ಮೆ ಒಲಿಯುವುದು. ಕಣದಲ್ಲಿ ಒಂದು ಜೋಡಿಯ ಕಾಲ ಕೆಲವೇ ವರ್ಷ. ಸಾರಥಿಯದಾದರೋ ಹಲವು ಜೋಡಿಗಳ ಕಾಲ. ಎರೆನೆಲದ ಭಾರವಾದ ಉಳುಮೆಗೆಂದೇ ಹತ್ತೊಂಬತ್ತನೆಯ ಶತಮಾನದಲ್ಲಿ ಸಾಂಗಲಿ, ಮಿರಜ ಸಂಸ್ಥಾನಿಕರು ಬೆಳೆಸಿದ ಕೃಷ್ಣಾ ಕಣಿವೆಯ ತಳಿ ಇಂದು ವಿರಳವಾಗಿದೆ. ನಾರಾಯಣಪುರದ ಕಾಲುವೆ ನೀರು ಬಂದು ಸುರಪುರ, ಶಹಾಪುರಗಳಲ್ಲಿ ಭತ್ತ ಬೆಳೆಯಿತು, ಟ್ರ್ಯಾಕ್ಟರು ಬಂದಿತು, ಕೊಟ್ಟಿಗೆ ಬರಿದಾಯಿತು. ರೈತನಿಗೆ ನೀರು ದೊರೆತುದು ಸಂತೋಷದ ಸಂಗತಿಯೇ, ಆದರೂ ಬರಿದಾದ ಕೊಟ್ಟಿಗೆಯನ್ನು ಕಂಡು ನನಗೆ ವ್ಯಥೆಯಾಗುವುದು.

ಎತ್ತಿನ ಪಂದ್ಯಗಳಿಗೆ ಕಾನೂನಿನ ಅಡ್ಡಿಯೂ ಬಂದಿತ್ತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. ಕರ್ನಾಟಕವು 2017ರಲ್ಲಿ ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶ ಕಲ್ಪಿಸುವ ತಿದ್ದುಪಡಿಯನ್ನು ತಂದಿತು. 2023ರ ಮೇ 18ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆಯಾಗಕೂಡದೆಂಬ ನಿಯಮ ಮಾತ್ರ ಹಾಗೆಯೇ ಇರುವುದು. ಪಂದ್ಯ ನಡೆಸುವ ಹಿರಿಯರು ಬಾರುಕೋಲನ್ನು ಕಣದ ಹೊರಗೇ ಇಡಿಸಿ, ಪಶುವೈದ್ಯರನ್ನು ಕಣದ ಅಂಚಿನಲ್ಲಿ ಕೂರಿಸಿ, ಕೂಗಿನಿಂದಲೇ ಕಲ್ಲನ್ನು ಕದಲಿಸಬಲ್ಲ ಹಳೆಯ ಸಾರಥಿಗಳಿಂದ ಎಳೆಯರಿಗೆ ಪಾಠ ಹೇಳಿಸಬೇಕೆಂದು ಕೈಮುಗಿದು ಬೇಡುತ್ತೇನೆ.