ಬಿಲ್ಲು ಏರಿಸುವ ಮುನ್ನ

ಗಚ್ಚಿಬೌಲಿ ಎಂದೊಡನೆ ಊರಿನ ಬಂಧುಗಳಿಗೆ ನೆನಪಾಗುವುದು ಗಾಜಿನ ಕಟ್ಟಡಗಳು. ನಮಗೆ ಮಾತ್ರ ಅದು ಆಟದ ಊರು. 2003ರ ಆಫ್ರೋ-ಏಷ್ಯನ್ ಕ್ರೀಡೆಗಳನ್ನು ಕಂಡ ಬಾಲಯೋಗಿ ಕ್ರೀಡಾಂಗಣ ಇಲ್ಲಿದೆ. ಗೋಪಿಚಂದರ ಬ್ಯಾಡ್ಮಿಂಟನ್ ಅಕಾಡೆಮಿಯೂ ಇಲ್ಲಿದೆ. ಇಂತಹ ಕಡೆ ವಾಸಮಾಡುತ್ತ ಮಕ್ಕಳನ್ನು ಸದಾ ಪುಸ್ತಕದ ಮುಂದೆಯೇ ಕೂಡಿಸುವುದಾದರೂ ಹೇಗೆ? 2023ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ವಿಜಯವಾಡದ ಜ್ಯೋತಿ ಸುರೇಖಾ ಬಿಲ್ಲುಗಾರಿಕೆಯಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಾಗ, ನಮ್ಮ ಮನೆಯ ಹತ್ತು ವರ್ಷದ ಹುಡುಗನಿಗೆ ಬಿಲ್ಲಿನ ಹುಚ್ಚು ಹಿಡಿಯಿತು.

ಬಿಲ್ಲು ಕನ್ನಡಿಗರಿಗೆ ಹೊಸದೇನಲ್ಲ. ಅರ್ಜುನನನ್ನೇ ನಾಯಕನನ್ನಾಗಿಸಿ ಪಂಪನು 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ್ದು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಆ ವೇಮುಲವಾಡ ಇಂದು ಇದೇ ತೆಲಂಗಾಣದಲ್ಲಿದೆ. ಆದರೆ ಮಕ್ಕಳಿಗೆ ಅರ್ಜುನನ ಕಥೆ ಹೇಳುವಾಗ ನಾವು ಹಕ್ಕಿಯ ಕಣ್ಣನ್ನಷ್ಟೇ ಹೇಳುತ್ತೇವೆ. ಅವನ ಹೆಗಲಿನ ಮಾತನ್ನು ಎತ್ತುವುದೇ ಇಲ್ಲ. ನಮ್ಮ ತಪ್ಪು ಆದದ್ದು ಅಲ್ಲಿಯೇ.

ಬಿಲ್ಲಿನ ಬಿಗಿಯನ್ನು ಪೌಂಡುಗಳಲ್ಲಿ ಅಳೆಯುವುದು ರೂಢಿ. ಹುಡುಗನದು 16 ಪೌಂಡಿನ ಬಿಲ್ಲು. ಜೊತೆಯ ಹುಡುಗರ ಬಾಣಗಳು ದೂರ ಹೋಗುವುದನ್ನು ಕಂಡು, ಕಲಿಸುವವರು ಬೇಡವೆಂದರೂ ಕೇಳದೆ, ಸಂಬಳದ ಹಣದಲ್ಲಿ 24 ಪೌಂಡಿನದನ್ನು ತಂದುಕೊಟ್ಟೆವು. ಆಗ ರಾಯಚೂರಿನಿಂದ ಬಂದಿದ್ದ ನಮ್ಮ ತಂದೆಯವರು, "ಮೊದಲ ಮೈ ಕಟ್ಟಲೆಪ್ಪಾ, ಆಮ್ಯಾಲ ಬಿಲ್ಲು ಏರಸೂಣಂತ" ಎಂದರು. ಹಳೆಯ ಕಾಲದವರ ಮಾತೆಂದು ನಕ್ಕೆವು. ಎರಡು ತಿಂಗಳು ಕಳೆಯುವುದರೊಳಗೆ ಹುಡುಗನಿಗೆ ಬಲಗೈಯನ್ನು ತಲೆಯ ಮೇಲೆತ್ತಿ ಅಂಗಿ ತೊಡಲಾಗಲಿಲ್ಲ. ವೈದ್ಯರು ಬಿಲ್ಲು ಮುಟ್ಟಬಾರದೆಂದರು. ಕಾದಿದ್ದ ಪಂದ್ಯ ಕೈತಪ್ಪಿತು. ಅಂದು ರಾತ್ರಿ ಅವನು ಅತ್ತದ್ದು ನೋವಿಗಲ್ಲ.

ಗುಮಾಸ್ತರಾದ ನಮಗೆ ಲೆಕ್ಕ ಹಾಕುವ ಚಾಳಿ. ದೊಡ್ಡವರ ಅರ್ಹತಾ ಸುತ್ತಿನಲ್ಲಿ 72 ಬಾಣಗಳು. 24 ಪೌಂಡೆಂದರೆ ಸುಮಾರು 11 ಕಿಲೋ. ಅಷ್ಟು ಬಾರಿ ಎಳೆದರೆ ಒಟ್ಟು ಹೆಚ್ಚುಕಡಿಮೆ ಎಂಟು ಕ್ವಿಂಟಲ್! ಇನ್ನು ಗುರಿಯ ಲೆಕ್ಕ ನೋಡಿ. ಬಾಣದ ಉದ್ದ 70 ಸೆಂಟಿಮೀಟರು, ಗುರಿಯ ದೂರ 70 ಮೀಟರು ಎಂದಿಟ್ಟುಕೊಳ್ಳಿ. ಮೊನೆ ಇಲ್ಲಿ ಒಂದೇ ಮಿಲಿಮೀಟರು ಸರಿದರೆ ಅಲ್ಲಿ 10 ಸೆಂಟಿಮೀಟರು ತಪ್ಪುತ್ತದೆ. ಹತ್ತು ಅಂಕದ ವೃತ್ತದ ಅಡ್ಡಳತೆಯೇ 12.2 ಸೆಂಟಿಮೀಟರು, ನಡುವಿನಿಂದ ಅಂಚಿಗೆ ಆರೇ ಸೆಂಟಿಮೀಟರು. ದಣಿದ ಕೈ ನಡುಗಿದರೆ ಕಣ್ಣು ಎಷ್ಟು ಚುರುಕಾಗಿದ್ದರೇನು?

ಬಿಲ್ಲನ್ನು ಎಳೆಯಬೇಕಾದದ್ದು ಬರಿಯ ತೋಳಿನಿಂದಲ್ಲ. ಹೆಗಲಹಲಗೆಗಳ ನಡುವಣ ಬೆನ್ನಿನ ಸ್ನಾಯುಗಳಿಂದ. ಅವು ಬಲಿಯದಿದ್ದರೆ ಹೊರೆಯೆಲ್ಲ ಹೆಗಲಿನ ಕೀಲಿನ ಮೇಲೆ ಬೀಳುತ್ತದೆ. ಬೆಳೆಯುವ ಮಕ್ಕಳ ಎಲುಬಿನ ತುದಿಗಳು ಇನ್ನೂ ಎಳೆಯವು. ಅವು ಅವಸರವನ್ನು ಸಹಿಸವು.

ನೋವು ಮಾಯವಾಗಿ ವೈದ್ಯರು ಒಪ್ಪಿದ ಮೇಲೆ, ಕಲಿಸುವವರು ಹಾಕಿಕೊಟ್ಟ ಕ್ರಮ ಹೀಗಿದೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲು ಕೈಕಾಲು ಬೀಸಿ ಮೈ ಬಿಸಿಮಾಡಿಕೊಳ್ಳುವುದು. ಅನಂತರ ರಬ್ಬರ್ ಪಟ್ಟಿಯನ್ನು ಎದೆಯ ಮಟ್ಟದಲ್ಲಿ ಹಿಡಿದು, ಹೆಗಲಹಲಗೆಗಳು ಒಂದನ್ನೊಂದು ಸಮೀಪಿಸುವಂತೆ ಎಳೆಯುವುದು. ಎಡಕ್ಕೂ ಬಲಕ್ಕೂ ಸಮನಾಗಿ. ಆಮೇಲೆ ನಮ್ಮ ಗರಡಿಯ ದಂಡ, ಬಸ್ಕಿ. ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದರಿಂದ ಹೊಟ್ಟೆ, ಸೊಂಟ ಗಟ್ಟಿಯಾಗುತ್ತವೆ. ಒಂಟಿಕಾಲಿನ ಮೇಲೆ ನಿಲ್ಲುವುದು ಸಮತೋಲಕ್ಕೆ. ಹಗುರವಾದ ಓಟ ದಮ್ಮಿಗೆ. ಕೊನೆಗೆ ಹಗುರವಾದ ಬಿಲ್ಲನ್ನು ಎಳೆದು ಹತ್ತು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಹಿಂದಕ್ಕೆ ತರುವುದು. ಬಾಣವಿಲ್ಲದ ಹೆದೆಯನ್ನು ಎಳೆದು ಬಿಟ್ಟುಬಿಡಬಾರದು, ಬಿಲ್ಲು ಮುರಿದೀತು. ನೋವು ಕಂಡರೆ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು.

ಈಗ ಹುಡುಗ ಮರಳಿ 16 ಪೌಂಡಿಗೇ ಬಂದಿದ್ದಾನೆ. ಮೊದಮೊದಲು ನಾಚಿದ. ಆದರೆ ಹಿಂದೆ ಇಪ್ಪತ್ತನೆಯ ಬಾಣಕ್ಕೇ ಚೆಲ್ಲಾಪಿಲ್ಲಿಯಾಗುತ್ತಿದ್ದ ಬಾಣಗಳು ಈಗ ಐವತ್ತನೆಯದಾದರೂ ಒಂದೆಡೆ ಗುಂಪುಗೂಡುತ್ತಿವೆ. ಮೊನ್ನೆ ಅವನೇ ಅವುಗಳನ್ನು ಎಣಿಸಿ, ಅಜ್ಜನಿಗೆ ಫೋನಿನಲ್ಲಿ ಹೇಳಿದ. ಅವನ ಜೊತೆ ಮುಂಜಾನೆ ಬಸ್ಕಿ ಹೊಡೆಯುವ ನಮಗೂ ಕಡತಗಳ ಮುಂದೆ ಬಾಗಿದ ಬೆನ್ನು ತುಸು ನೆಟ್ಟಗಾಗಿದೆ.

24 ಪೌಂಡಿನ ಬಿಲ್ಲು ಅಟ್ಟದ ಮೇಲಿದೆ. ಅದನ್ನು ಎಂದು ಇಳಿಸಬೇಕೆಂಬುದನ್ನು ಹುಡುಗನ ಹೆಗಲು ಹೇಳಲಿ. ಪಕ್ಕದ ಮನೆಯವರ ಮಗನ ಪದಕ ಹೇಳುವುದು ಬೇಡ. ಪರಊರಿನಲ್ಲಿ ಮಕ್ಕಳು ಬೇಗ ಮುಂದೆ ಬರಲೆಂದು ಹಂಬಲಿಸುವ ನಮ್ಮ ತಂದೆತಾಯಿಗಳು ಈ ಮಾತನ್ನು ಬಿಲ್ಲಿಗಷ್ಟೇ ಅಲ್ಲದೆ ಬೇರೆಡೆಗೂ ಅನ್ವಯಿಸಿಕೊಂಡರೆ ಕೆಟ್ಟದ್ದೇನೂ ಆಗದು.