ವಾಕಿಂಗ್‌ಗೆ ದುಡ್ಡು ಬೇಡ, ದಾರಿದೀಪಕ್ಕೆ ಬೇಕು: ಪಂಚಾಯ್ತಿಯಲ್ಲಿ ಏನು ಕೇಳಬಹುದು?

ಬೆಳಗ್ಗೆ ಐದೂವರೆಗೆ ಸೀರೆ ಮೇಲೆ ಸ್ವೆಟರ್, ಕಾಲಿಗೆ ಶೂ ಹಾಕಿಕೊಂಡು ಹೆದ್ದಾರಿ ಬದಿ ನಡೆಯೋ ಹೆಣ್ಣುಮಕ್ಕಳು ಹಳ್ಳಿಗಳಲ್ಲಿ ಈಗ ಹೊಸದೇನಲ್ಲ. ಶುಗರ್ ಬಂದಿದೆ, ಡಾಕ್ಟರ್ ನಡೀರಿ ಅಂದಿದ್ದಾರೆ. ಎಲ್ಲಿ ನಡೀಬೇಕು ಅಂತ ಯಾರೂ ಹೇಳಿಲ್ಲ. ಊರೊಳಗೆ ಕತ್ತಲು, ನಾಯಿ ಕಾಟ. ಹೆದ್ದಾರಿಯಲ್ಲಿ ಹಿಂದಿನಿಂದ ಲಾರಿ.

‘ಹೊಲದಲ್ಲಿ ದುಡಿಯೋರಿಗೆ ವಾಕಿಂಗ್ ಯಾಕ್ರೀ’ ಅನ್ನೋರೂ ಇದ್ದಾರೆ. ದಿನವಿಡೀ ಕಳೆ ಕೀಳುವವರಿಗೆ ನಿಜಕ್ಕೂ ಬೇಕಿಲ್ಲ. ಆದರೆ ಈಗ ಉಳುಮೆಗೆ ಟ್ರ್ಯಾಕ್ಟರ್, ತೋಟಕ್ಕೆ ಹೋಗೋಕೆ ಬೈಕು. ಅಂಗಡಿಯವರಂತೂ ಎಂಟಕ್ಕೆ ಗಲ್ಲಾ ಮುಂದೆ ಕೂತರೆ ಏಳೋದು ರಾತ್ರಿ ಒಂಬತ್ತಕ್ಕೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದ ಗ್ರಾಮೀಣ ವಯಸ್ಕರಲ್ಲಿ ಶೇ 8.9 ಮಂದಿಗೆ ಸಕ್ಕರೆ ಕಾಯಿಲೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ. ಚುರುಕಾಗಿ ನಡೆದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಸಾಕು.

ಇದಕ್ಕೆ ಹಣ ಎಲ್ಲಿಂದ? ಪ್ರತಿ ಹಳ್ಳಿಯಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಅದಕ್ಕೆ ವರ್ಷಕ್ಕೆ 10 ಸಾವಿರ ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಖಾತೆಯಲ್ಲಿ ಎಷ್ಟಿದೆ ಅಂತ ಸಮಿತಿಯಲ್ಲಿರೋ ಆಶಾ ಕಾರ್ಯಕರ್ತೆಯನ್ನ ಕೇಳಬಹುದು. ಅದರಲ್ಲಿ ಲೈಟು ಕಂಬ ಹಾಕಿಸೋಕಾಗಲ್ಲ. ದಾರಿಬದಿಯ ಜಾಲಿ ಕಡಿಸಿ ಸ್ವಚ್ಛ ಮಾಡಿಸೋಕೆ ಆದೀತು.

ಬೀದಿದೀಪ ಗ್ರಾಮ ಪಂಚಾಯ್ತಿಯದೇ ಕೆಲಸ. ಅದಕ್ಕೆ ಅಂಗಡಿಯವರೂ ಸೇರಿ ಕಟ್ಟೋ ತೆರಿಗೆ ಇದೆ, ಹಣಕಾಸು ಆಯೋಗದ ಅನುದಾನ ಇದೆ. 15ನೇ ಆಯೋಗ 2021-22ರಿಂದ ಕೊಟ್ಟ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೆ ಮೀಸಲು. ಉಳಿದ ಶೇ 40ನ್ನು ಸಂಬಳಕ್ಕೆ ಬಳಸದೆ ಊರಿನ ಅಗತ್ಯಕ್ಕೆ ಖರ್ಚು ಮಾಡಬೇಕಿತ್ತು. ಯಾವ ಅನುದಾನವೇ ಆಗಲಿ, ಕೆಲಸ ಕ್ರಿಯಾಯೋಜನೆಗೆ ಸೇರಬೇಕು. ಅದಕ್ಕೆ ಗ್ರಾಮಸಭೆಯಲ್ಲಿ ಕೇಳಬೇಕು.

‘ವಾಕಿಂಗ್ ಟ್ರ್ಯಾಕ್ ಮಾಡಿಸಿ’ ಅಂದರೆ ಸಭೆಯಲ್ಲಿ ನಗುತ್ತಾರೆ. ಬಸ್‌ಸ್ಟ್ಯಾಂಡಿನಿಂದ ಶಾಲೆವರೆಗೆ ಎಷ್ಟು ಕಂಬ, ಎಷ್ಟು ಬಲ್ಬು ಉರಿಯುತ್ತಿಲ್ಲ ಅಂತ ಎಣಿಸಿ ಅರ್ಜಿ ಕೊಟ್ಟು, ನಡಾವಳಿಯಲ್ಲಿ ಬರೆಸಿದರೆ ಪಿಡಿಒ ಉತ್ತರ ಕೊಡಲೇಬೇಕಾಗುತ್ತೆ. ಶಾಲೆ ಮೈದಾನಕ್ಕೆ ಎಸ್‌ಡಿಎಂಸಿ ಒಪ್ಪಿದರೆ ಸಾಕು, ಖರ್ಚಿಲ್ಲ; ಬೀಗದ ಕೈ ಯಾರ ಹತ್ರ ಇರಬೇಕು ಅನ್ನೋದೊಂದೇ ತಕರಾರು.

ಒಂದು ದಿನದ ಜಾಥಾಕ್ಕೆ ಮಾತ್ರ ಈ ಹಣ ಹೋಗಬಾರದು. ಟೋಪಿ, ಬ್ಯಾನರ್, ಉಪ್ಪಿಟ್ಟು, ಫೋಟೊ ಮುಗಿದ ಮೇಲೆ ಮರುದಿನ ಅದೇ ಕತ್ತಲು.

30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಉಚಿತ. ಎದೆನೋವು, ಕಾಲಿನಲ್ಲಿ ಹುಣ್ಣು ಇರುವವರು ನಡಿಗೆ ಶುರು ಮಾಡೋ ಮೊದಲು ಡಾಕ್ಟರನ್ನು ಕೇಳಬೇಕು.