ಮೃದಂಗವಾದನದಲ್ಲಿ ಶೈಲಿಭೇದ

ಸರೋವರದ ತಾವರೆಯೆಲೆಗಳ ಮೇಲೆ ಮಳೆಯ ಹನಿಗಳು ಬೀಳುತ್ತಿದ್ದ ಸದ್ದನ್ನು ಕೇಳಿ ಸ್ವಾತಿಯೆಂಬ ಮುನಿಯು ಪುಷ್ಕರವಾದ್ಯಗಳನ್ನು ಕಲ್ಪಿಸಿದನೆಂದು ಭರತನ ನಾಟ್ಯಶಾಸ್ತ್ರವು ಹೇಳುತ್ತದೆ. ಎಲೆಗಳಲ್ಲಿ ಹಿರಿದು, ನಡುತರ, ಕಿರಿದು ಎಂಬ ಭೇದವಿದ್ದುದರಿಂದ ಹನಿಗಳ ದನಿಯಲ್ಲಿಯೂ ಭೇದವುಂಟಾಯಿತಂತೆ. ಕಥೆಯ ಐತಿಹಾಸಿಕತೆಯು ಹೇಗಾದರೂ ಇರಲಿ, ಅದರಲ್ಲಿ ಗಮನಿಸತಕ್ಕ ಅಂಶವೊಂದುಂಟು. ಹನಿಗಳು ಎಷ್ಟು ಬಿದ್ದವೆಂಬುದನ್ನು ಆ ಮುನಿಯು ಎಣಿಸಲಿಲ್ಲ; ಯಾವ ಎಲೆಯ ಮೇಲೆ ಬಿದ್ದ ಹನಿ ಎಂತಹ ನಾದವನ್ನು ಕೊಟ್ಟಿತೆಂಬುದನ್ನು ಕಿವಿಗೊಟ್ಟು ಕೇಳಿದನು. ಅವನದ್ಧವಾದ್ಯಗಳ ವಿಚಾರವು ನಮ್ಮ ಶಾಸ್ತ್ರಪರಂಪರೆಯಲ್ಲಿ ಇಂತು ನಾದದಿಂದಲೇ ಮೊದಲಾಗಿದ್ದರೂ, ಮಾರ್ದಂಗಿಕರ ಹಿರಿಮೆಯನ್ನು ಕುರಿತು ಮಾತು ಬಂದಾಗಲೆಲ್ಲ ಅದು ಲೆಕ್ಕಾಚಾರದ ಕಡೆಗೇ ಜಾರುವುದು ವಾಡಿಕೆಯಾಗಿದೆ. ಇಂಥವರು ಇಂತಹ ಕ್ಲಿಷ್ಟವಾದ ಮುಕ್ತಾಯವನ್ನು ಬಾರಿಸಿದರು, ಇಂಥವರು ಇಷ್ಟು ಆವರ್ತಗಳ ಕೋರ್ವೆಯನ್ನು ಕಟ್ಟಿದರು ಎಂಬುದೇ ಪ್ರಶಂಸೆಯ ಧಾಟಿ.

ಇದಕ್ಕೆ ಕಾರಣವಿಲ್ಲದಿಲ್ಲ. ಲೆಕ್ಕವನ್ನು ಬರೆದಿಡಬಹುದು, ನಾದವನ್ನು ಬರೆದಿಡಲಾಗದು. ಆದಿತಾಳದ ಒಂದು ಆವರ್ತದಲ್ಲಿ ಎಂಟು ಎಣಿಕೆಗಳು. ಎಣಿಕೆಗೆ ನಾಲ್ಕರಂತೆ ಮೂವತ್ತೆರಡು ಮಾತ್ರೆಗಳು. ಹತ್ತು ಮಾತ್ರೆಗಳ ಒಂದು ಸೊಲ್ಲಿನ ಗುಂಪನ್ನು, ನಡುನಡುವೆ ಒಂದೊಂದು ಮಾತ್ರೆ ನಿಲ್ಲಿಸಿ, ಮೂರು ಸಲ ಬಾರಿಸಿದರೆ ಮೂವತ್ತೆರಡು ತುಂಬಿ ಮುಂದಿನ ಪೆಟ್ಟು ಸಮಕ್ಕೆ ಬಂದು ಬೀಳುತ್ತದೆ. ಇದನ್ನು ಯಾವ ವಿದ್ಯಾರ್ಥಿಯಾದರೂ ಹಾಳೆಯ ಮೇಲೆ ಗುಣಿಸಿ ನೋಡಬಹುದು. ಅದೇ ಮುಕ್ತಾಯವನ್ನು ಇಬ್ಬರು ವಿದ್ವಾಂಸರು ಬಾರಿಸಿದಾಗ ಕಣ್ಣು ಮುಚ್ಚಿ ಕೇಳುವ ರಸಿಕನು ‘ಇದು ಇವರದು, ಅದು ಅವರದು’ ಎಂದು ಹೇಗೆ ನಿರ್ಣಯಿಸುತ್ತಾನೆಂಬುದೇ ಕಷ್ಟವಾದ ಪ್ರಶ್ನೆ. ಸಾಹಿತ್ಯದ ಉಪಾಧ್ಯಾಯರಿಗೆ ಈ ಕಷ್ಟವು ಹೊಸದಲ್ಲ. ಕುಮಾರವ್ಯಾಸನೂ ಚಾಮರಸನೂ ಆರಿಸಿಕೊಂಡುದು ಒಂದೇ ಭಾಮಿನೀ ಷಟ್ಪದಿಯನ್ನು. ಮೂರು ನಾಲ್ಕು ಮಾತ್ರೆಗಳ ಗಣಗಳು ಇಬ್ಬರಲ್ಲಿಯೂ ಒಂದೇ ಕ್ರಮದಲ್ಲಿ ಬರುತ್ತವೆ. (ಮೃದಂಗದವರು ಮಿಶ್ರವೆಂದು ಕರೆಯುವ ಏಳರ ನಡೆಯೂ ಇದೇ ಮೂರು ನಾಲ್ಕರ ಜೋಡಣೆಯೆಂಬುದು ನೆನೆಯತಕ್ಕುದು.) ಗಣವಿಭಾಗವನ್ನು ಹಾಕಿ ತೋರಿಸಿದ ಮಾತ್ರಕ್ಕೆ ಕುಮಾರವ್ಯಾಸನ ಕೈವಾಡವನ್ನು ತೋರಿಸಿದಂತಾಗುವುದಿಲ್ಲ.

ದಕ್ಷಿಣದೇಶದ ಮೃದಂಗವಾದನದಲ್ಲಿ ಎರಡು ಪ್ರಧಾನ ಸಂಪ್ರದಾಯಗಳನ್ನು ಹೇಳುವುದುಂಟು. ತಂಜಾವೂರಿನದು ಒಂದು, ಮರಾಠಾ ಅರಸರ ಆ ಊರಿನಲ್ಲಿ ಭಜನೆಯ ಪದ್ಧತಿಯೊಡನೆ ಬೆಳೆದ ನಾರಾಯಣಸ್ವಾಮಿ ಅಪ್ಪಾ ಅವರಿಂದ ಹಿಡಿದು ತಂಜಾವೂರು ವೈದ್ಯನಾಥ ಅಯ್ಯರವರ ವರೆಗೆ ಅದರ ಹೆಸರು ಹಬ್ಬಿದೆ. ಪುದುಕ್ಕೋಟೆಯದು ಇನ್ನೊಂದು, ಉಡದ ಚರ್ಮ ಹೊದಿಸಿದ ಖಂಜಿರವನ್ನು ಕಛೇರಿಯ ವೇದಿಕೆಗೆ ಏರಿಸಿದ ಮಾಮುಂಡಿಯಾ ಪಿಳ್ಳೆಯವರು ಅದರ ಮೂಲಪುರುಷರು. ಅವರ ಶಿಷ್ಯರಲ್ಲಿ ದಕ್ಷಿಣಾಮೂರ್ತಿ ಪಿಳ್ಳೆಯವರು (೧೮೭೫–೧೯೩೬) ಅಗ್ರಗಣ್ಯರು. ತಂಜಾವೂರಿನದು ಹಾಡನ್ನು ಅನುಸರಿಸುವ ಮೃದುವಾದ ಮಾರ್ಗ, ಪುದುಕ್ಕೋಟೆಯದು ಗಣಿತಪ್ರಧಾನವಾದ ಗಡಸು ಮಾರ್ಗ ಎಂದು ಸಾಮಾನ್ಯವಾಗಿ ಲಕ್ಷಣ ಹೇಳುತ್ತಾರೆ. ಈ ವಿಭಾಗವು ಪಾಠ ಹೇಳುವವರಿಗೆ ಅನುಕೂಲವಾದುದು. ಕೇಳುವವರಿಗೆ ಅಷ್ಟು ಅನುಕೂಲವಾದುದಲ್ಲ. ಏಕೆಂದರೆ, ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಸಂಪ್ರದಾಯಗಳ ಶಿಖರಗಳೆಂದು ಎಲ್ಲರೂ ಒಪ್ಪಿದ ಇಬ್ಬರಲ್ಲಿಯೇ ಅದು ಮುರಿದುಬೀಳುತ್ತದೆ. ಪಾಲ್ಘಾಟ್ ಮಣಿ ಅಯ್ಯರವರು (೧೯೧೨–೧೯೮೧) ಒಬ್ಬರು. ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು (೧೯೦೮–೧೯೬೨) ಇನ್ನೊಬ್ಬರು.

ಅವರ ವಿಚಾರಕ್ಕೆ ಹೋಗುವ ಮುನ್ನ ವಾದ್ಯದ ರಚನೆಯನ್ನು ಸ್ವಲ್ಪ ನೋಡಬೇಕು. ಹಲಸಿನ ಮರದ ಟೊಳ್ಳಾದ ಒಡಲು. ಅದರ ಎರಡು ಬಾಯಿಗಳಿಗೆ ಚರ್ಮದ ಮುಚ್ಚಿಗೆಗಳು. ಬಲಮುಚ್ಚಿಗೆಯ ನಡುವೆ ಶಾಶ್ವತವಾಗಿ ಹಾಕಿದ ಕರಿಯ ಲೇಪವಿದೆ. ಸಾಮಾನ್ಯವಾದ ಚರ್ಮವಾದ್ಯವನ್ನು ಬಡಿದರೆ ಹೊರಡುವ ಉಪಸ್ವರಗಳು ಪರಸ್ಪರ ಹೊಂದದೆ ಸದ್ದಾಗಿಯೇ ಉಳಿಯುತ್ತವೆ. ಈ ಲೇಪದ ಭಾರದಿಂದ ಅವು ಹೊಂದಿಕೊಂಡು ತಂತಿಯ ನಾದದಂತೆ ಶ್ರುತಿಬದ್ಧವಾಗುತ್ತವೆಂಬುದನ್ನು ಚಂದ್ರಶೇಖರ ವೆಂಕಟ ರಾಮನ್ನರು ೧೯೨೦ರಲ್ಲಿ ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿ ಅದನ್ನೇ ವಿಸ್ತರಿಸಿ, ಮುಚ್ಚಿಗೆಯ ಒಂಬತ್ತು ಬಗೆಯ ಕಂಪನಗಳು ಸೇರಿ ಐದು ಸ್ವರಗಳ ಒಂದು ಹೊಂದಿಕೆಯಾದ ಶ್ರೇಣಿಯನ್ನು ಕೊಡುತ್ತವೆಂದು ತೋರಿಸಿದರು. ಎಡಮುಚ್ಚಿಗೆಯ ಸ್ಥಿತಿಯೇ ಬೇರೆ. ಕಛೇರಿಗೆ ಮುನ್ನ ನೀರಿನಲ್ಲಿ ಕಲಸಿದ ರವೆಯನ್ನು ಅದಕ್ಕೆ ಮೆತ್ತಿ, ಮುಗಿದ ಮೇಲೆ ತೆಗೆದುಹಾಕುತ್ತಾರೆ. ಅದರ ಮೇಲೆ ಅಂಗೈಯ ಬುಡವನ್ನು ಒತ್ತಿ ಜಾರಿಸಿದಾಗ ಮಂದ್ರನಾದವು ಮೀಂಡಿನಂತೆ ಮೇಲಕ್ಕೇಳುತ್ತದೆ. ಇದಕ್ಕೆ ಗುಮ್ಕಿಯೆಂದು ಹೆಸರು. ಸೊಲ್ಲುಗಳನ್ನು ಬರೆಯುವಾಗ ಗುಮ್ಕಿಗೆ ಪ್ರತ್ಯೇಕವಾದ ಅಕ್ಷರವು ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಎಲ್ಲಿ ಕೈಯನ್ನು ಹಿಂದೆಗೆಯಬೇಕು ಎಂಬುದು ವಾದಕನ ಮನೋಧರ್ಮಕ್ಕೆ ಬಿಟ್ಟ ವಿಷಯ. ಶೈಲಿಯ ಬಹುಭಾಗವು ಅಡಗಿರುವುದು ಇಲ್ಲಿಯೇ.

ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಮಾಮುಂಡಿಯಾ ಪಿಳ್ಳೆಯವರ ಶಿಷ್ಯರಾದ ಮುತ್ತಯ್ಯ ಪಿಳ್ಳೆಯವರ ಪುತ್ರರು. ಪುದುಕ್ಕೋಟೆಯ ಗಣಿತವು ಅವರಿಗೆ ಪಿತ್ರಾರ್ಜಿತವಾಗಿ ಬಂದ ಸ್ವತ್ತು. ಆದರೆ ಅವರು ಎಡಗೈಯವರು. ಇತರರು ಬಲಗೈಯಿಂದ ಬಾರಿಸುವ ಮುಚ್ಚಿಗೆಯನ್ನು ಎಡಗೈಯಿಂದ ಬಾರಿಸುತ್ತಿದ್ದರು. ಇದು ಮೇಲ್ನೋಟಕ್ಕೆ ಸಣ್ಣ ವಿಷಯವಾಗಿ ಕಂಡರೂ ಕಛೇರಿಯಲ್ಲಿ ದೊಡ್ಡ ತೊಡಕಾಯಿತು. ಗಾಯಕನ ಬಲಗಡೆಗೆ ಮೃದಂಗ, ಎಡಗಡೆಗೆ ಪಿಟೀಲು ಎಂಬುದು ರೂಢಿ. ಹಾಗೆ ಕುಳಿತಾಗ ಮೃದಂಗದ ನಾದದ ಮುಚ್ಚಿಗೆಯು ಸಭೆಯ ಕಡೆಗೆ ತಿರುಗಿರುತ್ತದೆ. ಎಡಗೈಯವನ ಮುಚ್ಚಿಗೆಯು ಸಭೆಗೆ ಕೇಳಬೇಕಾದರೆ ಅವನು ಎದುರು ಮಗ್ಗುಲಿಗೆ ಹೋಗಬೇಕು, ಪಿಟೀಲಿನವನು ಸ್ಥಾನವನ್ನು ಬಿಟ್ಟುಕೊಡಬೇಕು. ಒಪ್ಪುವವರು ವಿರಳವಾಗಿದ್ದ ಆ ಕಾಲದಲ್ಲಿ ಚೆಂಬೈ ವೈದ್ಯನಾಥ ಭಾಗವತರು ಅವರನ್ನು ಕೈಹಿಡಿದು ವೇದಿಕೆಗೆ ತಂದರೆಂಬುದು ಸಂಗೀತಪ್ರಪಂಚದಲ್ಲಿ ಪ್ರಸಿದ್ಧವಾಗಿದೆ.

ಇಷ್ಟು ದೊಡ್ಡ ಗಣಿತದ ಮನೆತನದಿಂದ ಬಂದ ಪಿಳ್ಳೆಯವರನ್ನು ಬಲ್ಲವರು ಹೊಗಳುವುದು ಯಾವುದಕ್ಕಾಗಿ? ಸರ್ವಲಘುವಿಗಾಗಿ. ಸರ್ವಲಘುವೆಂದರೆ ತಾಳದ ಸಹಜವಾದ ನಡೆಯನ್ನು ಒಡೆಯದೆ, ಹೊಳೆಯ ನೀರು ಹರಿದಂತೆ, ಸಮಸಮನಾಗಿ ನುಡಿಸಿಕೊಂಡು ಹೋಗುವುದು. ಪ್ರಾರಂಭದ ವಿದ್ಯಾರ್ಥಿಗೂ ಅದು ಬರುತ್ತದೆ. ಅದರಲ್ಲಿ ರಸವನ್ನು ತುಂಬುವುದು ಮಾತ್ರ ಎಲ್ಲರಿಗೂ ಬರುವುದಲ್ಲ. ಪಿಳ್ಳೆಯವರ ಕೈಯಲ್ಲಿ ಗುಮ್ಕಿಯ ಮಂದ್ರನಾದವು ಆ ಸರಳವಾದ ನಡೆಯ ಕೆಳಗೆ ಎರಡನೆಯ ಹಾಡಿನಂತೆ ಕೇಳಿಸುತ್ತಿತ್ತು. ಪೆಟ್ಟುಪೆಟ್ಟಿಗೂ ಬಿಡಿಬಿಡಿಯಾದ ಸ್ಪಷ್ಟತೆ, ಎಲ್ಲಿಯೂ ಅವಸರವಿಲ್ಲದ ಕಾಲಪ್ರಮಾಣ. ಲೆಕ್ಕವು ಇರಲಿಲ್ಲವೆಂದಲ್ಲ, ತನಿ ಆವರ್ತನದಲ್ಲಿ ಅದು ಧಾರಾಳವಾಗಿಯೇ ಬರುತ್ತಿತ್ತು. ಆದರೆ ಸರ್ವಲಘುವಿನ ಪ್ರವಾಹದಿಂದ ತಾನಾಗಿ ಎದ್ದ ಅಲೆಯಂತೆ ಬರುತ್ತಿದ್ದುದರಿಂದ, ಮುಕ್ತಾಯವು ಸಮಕ್ಕೆ ಬಂದು ಮುಟ್ಟಿದ ಮೇಲೆಯೇ ಅದೊಂದು ಲೆಕ್ಕವೆಂದು ಕೇಳುವವನಿಗೆ ಹೊಳೆಯುತ್ತಿತ್ತು.

ಮಣಿ ಅಯ್ಯರವರ ವಿಷಯದಲ್ಲಿ ಸೂತ್ರವು ಇನ್ನೊಂದು ಬಗೆಯಲ್ಲಿ ತಪ್ಪುತ್ತದೆ. ಅವರು ಹುಟ್ಟಿದುದು ಪಾಲಕ್ಕಾಡು ಸೀಮೆಯಲ್ಲಿ. ತಂಜಾವೂರು ವೈದ್ಯನಾಥ ಅಯ್ಯರವರ ಬಳಿ ಸೇರುವ ಮೊದಲೇ ಅವರ ಕೈ ಪಳಗಿತ್ತು. ಕೇರಳದ ದೇವಾಲಯಗಳ ಚೆಂಡೆ ಮದ್ದಳೆಗಳ ಮೇಳವು ಬಾಲ್ಯದಿಂದಲೂ ಕಿವಿಯಲ್ಲಿತ್ತು. ತಂಜಾವೂರಿನ ಮಾರ್ದವದೊಳಗೆ ಆ ಮೇಳದ ಕಿಡಿಯು ಸೇರಿದಾಗ ಹುಟ್ಟಿದ ಶೈಲಿಯನ್ನು ಮೃದುವೆನ್ನುವುದೂ ಗಡಸೆನ್ನುವುದೂ ಎರಡೂ ಸಲ್ಲದು. ಅವರ ವೇಗವನ್ನೂ, ಎಣಿಸದ ಸ್ಥಳದಿಂದ ಎತ್ತಿಕೊಂಡ ಮೋರಾವನ್ನೂ ಕಂಡು ಬೆರಗಾದವರು ಹಲವರು. ಆದರೂ ಅವರ ನಿಜವಾದ ವೈಶಿಷ್ಟ್ಯವು ಪಕ್ಕವಾದ್ಯದ ಧರ್ಮದಲ್ಲಿದೆ. ಕೃತಿಯ ಪಲ್ಲವಿಯು ಸಂಗತಿಯಿಂದ ಸಂಗತಿಗೆ ಬೆಳೆದಂತೆ ಮೃದಂಗವೂ ಬೆಳೆಯುತ್ತಿತ್ತು. ಸಾಹಿತ್ಯದ ಪದವು ಎಲ್ಲಿ ನಿಲ್ಲುವುದೋ ಅಲ್ಲಿ ಮೃದಂಗವೂ ನಿಂತು, ಆ ಮೌನದ ಅಂಚಿನಲ್ಲಿ ಒಂದೇ ಒಂದು ಗುಮ್ಕಿಯನ್ನು ಇರಿಸಿ ಬಿಡುತ್ತಿತ್ತು. ಬಾರಿಸದೆ ಇರುವುದನ್ನೂ ವಾದನದ ಅಂಗವಾಗಿ ಮಾಡಿದವರಲ್ಲಿ ಅವರು ಮೊದಲಿಗರಲ್ಲದಿರಬಹುದು. ಅವರಷ್ಟು ಸಮರ್ಥರು ಮಾತ್ರ ದುರ್ಲಭ. ಹಾಡಿನ ಹಿಂದೆ ಕುಳಿತ ವಾದ್ಯಕ್ಕೆ ಅವರಿಂದ ದೊರೆತ ಗೌರವಕ್ಕೆ ಒಂದು ಕುರುಹೆಂದರೆ, ಮದರಾಸಿನ ಸಂಗೀತ ವಿದ್ವತ್ಸಭೆಯ ‘ಸಂಗೀತ ಕಲಾನಿಧಿ’ ಬಿರುದು ಮೃದಂಗಕ್ಕೆ ಮೊದಲ ಸಲ ಸಂದುದು ೧೯೬೬ರಲ್ಲಿ, ಅವರಿಗೆ. (ಸ್ತ್ರೀಯರ ಗಾಯನಕ್ಕೆ ಬಹುಕಾಲ ಅವರು ಬಾರಿಸಲೊಪ್ಪದೆ, ಕಡೆಗೆ ಡಿ. ಕೆ. ಪಟ್ಟಮ್ಮಾಳ್ ಅವರಿಗೆ ಬಾರಿಸಿದರು. ಕೈಯ ಔದಾರ್ಯವು ಮನಸ್ಸಿಗೆ ತಡವಾಗಿ ಬಂದಿತೆನ್ನಬೇಕು.)

ಈ ಇಬ್ಬರೂ ಪ್ರತಿಸ್ಪರ್ಧಿಗಳೆಂದು ಅಭಿಮಾನಿಗಳು ಎರಡು ಪಂಗಡವಾಗಿದ್ದುದುಂಟು. ಆದರೆ ಮಣಿ ಅಯ್ಯರವರ ಮೃದಂಗದ ಪಕ್ಕದಲ್ಲಿ ಪಿಳ್ಳೆಯವರು ಖಂಜಿರವನ್ನು ಹಿಡಿದು ಕುಳಿತ ಕಛೇರಿಗಳೂ ನಡೆದುವು. ಪುದುಕ್ಕೋಟೆಯ ಹಿರಿಯರಾದ ದಕ್ಷಿಣಾಮೂರ್ತಿ ಪಿಳ್ಳೆಯವರೂ ತರುಣ ಮಣಿ ಅಯ್ಯರವರೊಡನೆ ಕುಳಿತವರೇ. ಸಂಪ್ರದಾಯದ ಗೋಡೆಗಳು ಗ್ರಂಥಗಳಲ್ಲಿರುವಷ್ಟು ಎತ್ತರವಾಗಿ ವೇದಿಕೆಯ ಮೇಲೆ ಇರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ನಾದವೇ ಶೈಲಿಯ ಮೂಲವೆಂದಮೇಲೆ ಆ ನಾದವನ್ನು ಮಾಡಿಕೊಟ್ಟವರನ್ನು ಬಿಟ್ಟು ಮಾತನಾಡುವುದು ನ್ಯಾಯವಲ್ಲ. ಮಣಿ ಅಯ್ಯರವರ ಮೃದಂಗಗಳ ಚರ್ಮವನ್ನು ಆರಿಸಿ, ಮುಚ್ಚಿಗೆ ಕಟ್ಟಿ, ಲೇಪವನ್ನು ತಿಕ್ಕಿ ಅವರ ಕಿವಿಗೆ ಒಪ್ಪುವಂತೆ ಮಾಡಿದವರು ತಂಜಾವೂರಿನ ಪರ್ಲಾಂದು ಎಂಬವರು. ದಲಿತ ಕ್ರೈಸ್ತ ಕುಟುಂಬಕ್ಕೆ ಸೇರಿದ ಅವರ ಹೆಸರು ಬಹುಕಾಲ ಕಛೇರಿಯ ಸಭಾಂಗಣದ ಹೊರಗೇ ಉಳಿಯಿತು. ಟಿ. ಎಂ. ಕೃಷ್ಣ ಅವರು ೨೦೨೦ರಲ್ಲಿ ಪ್ರಕಟಿಸಿದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಗ್ರಂಥದಿಂದ ಆ ಮನೆತನದ ವಿಷಯವು ವಿಸ್ತಾರವಾಗಿ ಬೆಳಕಿಗೆ ಬಂದಿತು. ವಾದಕನು ‘ಇನ್ನೂ ಸ್ವಲ್ಪ ತೂಕ ಬೇಕು’ ಎಂದಾಗ ಆ ತೂಕವು ಚರ್ಮದ ಯಾವ ಪದರದಲ್ಲಿದೆಯೆಂದು ತಿಳಿಯುವುದು ಸಾಮಾನ್ಯವಾದ ವಿದ್ಯೆಯಲ್ಲ. ಸಂಪ್ರದಾಯದ ವಂಶವೃಕ್ಷವನ್ನು ಬರೆಯುವವರು ಈ ಶಾಖೆಯನ್ನೂ ಅದರಲ್ಲಿ ಸೇರಿಸತಕ್ಕುದು.

ಧ್ವನಿವರ್ಧಕವನ್ನು ಮಣಿ ಅಯ್ಯರವರು ವಿರೋಧಿಸಿದುದನ್ನು ಕೆಲವರು ಹಟವೆಂದು ತಿಳಿದರು. ಮೇಲಿನ ವಿಚಾರವನ್ನು ನೆನೆದರೆ ಅದು ಹಟವಾಗಿ ತೋರುವುದಿಲ್ಲ. ಯಂತ್ರವು ಬಲಮುಚ್ಚಿಗೆಯ ಚೂಪಾದ ನಾದವನ್ನು ಎತ್ತಿ ಹಿಡಿದು, ಗುಮ್ಕಿಯ ಏರಿಳಿತವನ್ನು ಗುಡುಗಾಗಿ ಮಾಡಬಲ್ಲದು. ಆಗ ಎರಡು ಮುಚ್ಚಿಗೆಗಳ ತೂಕವನ್ನು ನಿರ್ಣಯಿಸುವವನು ವಾದಕನಲ್ಲ, ಯಂತ್ರದ ಬಳಿ ಕುಳಿತವನು. ಹೆಚ್ಚು ಗಟ್ಟಿಯಾಗಿ ಕೇಳಿದಷ್ಟೂ ಶೈಲಿಯು ಕಡಮೆಯಾಗಿ ಕೇಳುವ ವಿಪರ್ಯಾಸವು ಹೀಗೆ ಒದಗುತ್ತದೆ.

ಈಗ ಅಭ್ಯಾಸಿಗೆ ಉಳಿದಿರುವ ಸಾಧನಗಳು ಎರಡು. ಬರವಣಿಗೆಯೊಂದು: ಪಿಳ್ಳೆಯವರ ಶಿಷ್ಯರಾದ ತಿರುಚ್ಚಿ ಶಂಕರನ್ ಅವರು ೧೯೭೧ರಿಂದ ಕೆನಡಾ ದೇಶದ ಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಈ ವಿದ್ಯೆಯನ್ನು ಬೋಧಿಸಿ, ಪಾಠಕ್ರಮವನ್ನು ಗ್ರಂಥರೂಪಕ್ಕೆ ತಂದರು. ಧ್ವನಿಮುದ್ರಣಗಳು ಇನ್ನೊಂದು. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರ ಗಾಯನಕ್ಕೆ ಮಣಿ ಅಯ್ಯರವರೂ, ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರ ಗಾಯನಕ್ಕೆ ಪಿಳ್ಳೆಯವರೂ ಬಾರಿಸಿದ ಮುದ್ರಿಕೆಗಳು ಲಭ್ಯವಾಗಿವೆ. ಅವುಗಳನ್ನು ಕೇಳುವವರು ನೇರವಾಗಿ ತನಿ ಆವರ್ತನಕ್ಕೆ ಹಾರುವುದು ರೂಢಿ. ಶೈಲಿಯನ್ನು ಅರಸುವವನು ತೊಡಗಬೇಕಾದುದು ಅಲ್ಲಿಂದಲ್ಲ. ಮಧ್ಯಮಕಾಲದ ಒಂದು ಕೃತಿಯನ್ನು ಆರಿಸಿಕೊಂಡು, ಅದರ ಅನುಪಲ್ಲವಿಯು ಮುಗಿದು ಗಾಯಕನು ಪಲ್ಲವಿಗೆ ಮರಳುವ ಎರಡು ಆವರ್ತಗಳಲ್ಲಿ ಎಡಗಡೆಯ ಮುಚ್ಚಿಗೆಯನ್ನು—ಪಿಳ್ಳೆಯವರ ವಿಷಯದಲ್ಲಿ ಬಲಗಡೆಯದನ್ನು—ಮಾತ್ರ ಹಿಂಬಾಲಿಸಿ ಕೇಳಿದರೆ, ಇಬ್ಬರ ಕೈಯೂ ಬೇರೆಬೇರೆಯಾಗಿ ಗೋಚರಿಸುತ್ತದೆ.